ಗುರುವಾರದ ಗವಿ

ಸೀರೆಯ ಮೊಣಕಾಲಿನ ಜಾಗಕ್ಕೆ ಅಂಟಿದ್ದ ಬಿಳಿ ಮಣ್ಣು ಮೂರು ಸಲ ಸಾಬೂನು ಹಚ್ಚಿ ತಿಕ್ಕಿದರೂ ಹೋಗಲಿಲ್ಲ. ಮಧುಮತಿ ಒಗೆಯುವ ಕಲ್ಲಿನ ಮೇಲೆ ಸೀರೆಯನ್ನು ಮಡಿಚಿ ಹಾಸಿ ಈಗ ಬ್ರಷ್ಷು ಹಿಡಿದಿದ್ದಳು. ಪ್ರತಿ ಗುರುವಾರ ಹಳೆಯ ಬೂದು ಬಣ್ಣದ ಸೀರೆ ಉಟ್ಟು ಹೋಗುತ್ತಿದ್ದವಳು, ನಿನ್ನೆ ಅದು ಒಣಗಿರಲಿಲ್ಲವೆಂದು ನೀಲಿ ಸೀರೆ ಉಟ್ಟಿದ್ದಳು. ಮಾಡಿದ ತಪ್ಪು ಇಷ್ಟೇ. ನೀಲಿಯ ಮೇಲೆ ಆ ಎರಡು ಬಿಳಿ ಗುರುತುಗಳು ಗೋಡೆಗೆ ಬರೆದ ಕಣ್ಣುಗಳ ಹಾಗೆ ಅವಳನ್ನೇ ನೋಡುತ್ತಿದ್ದವು.

“ವೈನೀ, ನಿನ್ನೆ ಎಲ್ಲೆರೆ ಬಿದ್ರೇನ್ರಿ?”

ಗೋಡೆಯ ಮೇಲೆ ಶಬಾನಾಳ ಮೊಣಕೈ, ಅದರ ಮೇಲೆ ಶಬಾನಾಳ ಗದ್ದ. ಕಾಗದದ ಮಿಲ್ಲಿನ ಹಳೆಯ ಕ್ವಾರ್ಟರ್ಸಿನಲ್ಲಿ ಹಿತ್ತಲ ಗೋಡೆಗಳು ಎದೆಮಟ್ಟ. ಕಟ್ಟಿಸಿದವರಿಗೆ ಮನೆಗಳನ್ನು ಬೇರ್ಪಡಿಸುವ ಉದ್ದೇಶ ಇದ್ದಂತಿಲ್ಲ, ಮೊಣಕೈ ಊರಿ ಮಾತಾಡಲು ಅನುಕೂಲವಾಗಲಿ ಎಂದಷ್ಟೇ ಕಟ್ಟಿಸಿರಬೇಕು. ಪಕ್ಕದ ಮನೆಯ ಶಬಾನಾ ಶಾಲೆಯ ಮಕ್ಕಳನ್ನು ಒಯ್ಯುವ ಓಮ್ನಿ ಗಾಡಿಯನ್ನು ತಾನೇ ಓಡಿಸುತ್ತಿದ್ದಳು. ಅವತ್ತು ಶುಕ್ರವಾರ, ಯಾವುದೋ ಜಯಂತಿಯ ರಜೆ. ಗಾಡಿಗೂ ಕೆಲಸವಿಲ್ಲ, ಶಬಾನಾಳಿಗೂ ಇಲ್ಲ. ಕೆಲಸವಿಲ್ಲದ ಶಬಾನಾಳಷ್ಟು ಅಪಾಯದ ವಸ್ತು ಆ ಸಾಲಿನಲ್ಲಿ ಮತ್ತೊಂದಿರಲಿಲ್ಲ.

“ಬಿದ್ದಿಲ್ಲ. ಏನೋ ಮಣ್ಣು ಹತ್ತೈತಿ.”

“ಮಣ್ಣು ಬೆಳ್ಳಗ ಇರ್ತೈತೇನ್ರಿ? ನಮ್ಮ ದಾಂಡೇಲಿ ಮಣ್ಣು ಕೆಂಪು. ನಿಮ್ಮ ಧಾರವಾಡದ್ದು ಕಪ್ಪು. ಇದ ಯಾವೂರಿಂದು?”

“ಯಾವ ಮಣ್ಣು? ಎಲ್ಲಿ ಮಣ್ಣು?” ಎಂದು ಈಚೆ ಗೋಡೆಯ ಮೇಲೆ ಇನ್ನೊಂದು ಗದ್ದ ಬಂದು ಕೂತಿತು. ಬಸಲಿಂಗಯ್ಯನವರದು. ಹಣೆಗೆ ಮೂರು ಬೆರಳಿನ ವಿಭೂತಿ, ಹೊಟ್ಟೆಗೆ ಎರಡು ಸುತ್ತಿನ ಲುಂಗಿ. ಮಿಲ್ಲಿನ ಸುಣ್ಣದ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾಗಿ ಈಗ ಮಗನ ಕ್ವಾರ್ಟರ್ಸಿನಲ್ಲಿದ್ದರು. ಹೀಗಾಗಿ ಧರ್ಮದ ವಿಷಯಕ್ಕೂ ಸುಣ್ಣದ ವಿಷಯಕ್ಕೂ ಸಾಲಿನವರೆಲ್ಲ ಅವರನ್ನೇ ಕೇಳಬೇಕು. ಕೇಳದಿದ್ದರೆ ಅವರೇ ಹೇಳುತ್ತಿದ್ದರು.

“ಕೊಡ್ರಿ ತಂಗಿ ಇಲ್ಲಿ” ಎಂದು ಒದ್ದೆ ಸೀರೆಯ ಅಂಚನ್ನು ಗೋಡೆಯ ಮೇಲಿಂದ ಎಳೆದುಕೊಂಡರು. ಮಡಿಕೆಯೊಳಗೆ ತೊಳೆಯದೆ ಉಳಿದಿದ್ದ ಮಣ್ಣಿನ ಒಂದು ಹಕ್ಕಳೆಯನ್ನು ಉಗುರಿನಿಂದ ಕೆತ್ತಿ ಚಹಾದ ಬಶಿಯಲ್ಲಿ ಇಟ್ಟರು. ಸೊಸೆಗೆ ಕೂಗಿ ಲಿಂಬೆಹಣ್ಣು ತರಿಸಿದರು. ಅರ್ಧ ಹೋಳು ಹಿಂಡಿದರು. ಬಶಿಯಲ್ಲಿ ಸಣ್ಣಗೆ ಗುಳ್ಳೆ ಎದ್ದವು.

“ನೊರಿ ಬಂತು!” ಅವರ ದನಿ ಸಾಲಿನ ಕೊನೆಯ ಮನೆಯವರೆಗೂ ಹೋಯಿತು. “ಸುಣ್ಣದ ಕಲ್ಲು! ಇದ ಹೊಲದ ಮಣ್ಣಲ್ಲ, ರಸ್ತೇದಲ್ಲ. ಹೊಳಿ ಕಮರಿಯೊಳಗ ಸುಣ್ಣದ ಕಲ್ಲಿನ ಗವಿ ಅದಾವ ನೋಡ್ರಿ, ಆ ಮಣ್ಣು. ಅಲ್ಲಿ ಮೊಣಕಾಲೂರಿ ಅಂಬೆಗಾಲಿಲೆ ಹೋಗಬೇಕು. ಅದಕ್ಕ ಮೊಣಕಾಲಿಗಷ್ಟ ಹತ್ತೈತಿ. ನೀವು ಗವಿಗೆ ಹೋಗಿದ್ರಿ!”

“ಗವಿಗೆ?” ಶಬಾನಾ ಗದ್ದ ಎತ್ತಿದಳು. “ವೈನಿ ಕವದಿ ಹೊಲಿಸಾಕ ಹೋಗ್ತಾರಲ್ರಿ ಗುರುವಾರಕ್ಕೊಮ್ಮೆ?”

ಕವದಿಯ ಕತೆ ಸಾಲಿಗೆಲ್ಲ ಗೊತ್ತಿತ್ತು. ಕುಳಗಿ ದಾಟಿದ ಮೇಲೆ, ಹೊಳೆಯ ದಂಡೆಯ ಹಳ್ಳಿಯಲ್ಲಿ ಕಾತರಿನಾ ಎಂಬ ಸಿದ್ದಿ ಹೆಂಗಸು ಹಳೆಯ ಸೀರೆಗಳನ್ನು ಸೇರಿಸಿ ಚಂದದ ಕವದಿ ಹೊಲಿಯುತ್ತಿದ್ದಳು. ದೀಪಾವಳಿಯ ಮುಂದೆ ಮಧುಮತಿ ಅವಳಿಗೆ ಆರು ಸೀರೆ ಕೊಟ್ಟುಬಂದಿದ್ದಳು. ಈಗ ಶಿವರಾತ್ರಿ ಮುಗಿದಿತ್ತು. ಪ್ರತಿ ಗುರುವಾರವೂ ಅವಳು ‘ಕವದಿ ಎಲ್ಲೀತನಕ ಬಂತು ನೋಡಿ ಬರ್ತೇನಿ’ ಎಂದು ಹನ್ನೊಂದರ ಬಸ್ಸು ಹತ್ತುತ್ತಿದ್ದಳು. “ಆನಿಗೆ ಹೊಚ್ಚಾಕ ಹೊಲಿತಾಳೇನು?” ಎಂದು ಅತ್ತೆ ಮಾಲವ್ವ ಎರಡು ಸಲ ಕೇಳಿದ್ದಳು.

ಕವದಿ ಮೂರೇ ವಾರಕ್ಕೆ ಮುಗಿದು ಕಾತರಿನಾಳ ಮನೆಯ ಅಟ್ಟದ ಮೇಲೆ ಬೆಚ್ಚಗೆ ಮಲಗಿತ್ತು.

ಆಗಿದ್ದು ಇಷ್ಟು. ಮೊದಲ ಗುರುವಾರ ಸೀರೆ ಕೊಡಲು ಹೋದಾಗ ಹೊಳೆಯ ದಾರಿಯಲ್ಲಿ ಅಕಾಲದ ಮಳೆ ಹಿಡಿಯಿತು. ಕಾತರಿನಾ ಅವಳನ್ನು ಕಮರಿಯ ಪಕ್ಕದ ಒಂದು ಬಂಡೆಯ ಸಂದಿಗೆ ಎಳೆದುಕೊಂಡಳು. ಅಡುಗೆಮನೆಯ ಕಿಟಕಿಯಷ್ಟು ಬಾಯಿ. ನಾಲ್ಕು ಮಾರು ಮೊಣಕಾಲಲ್ಲಿ ಹೋದರೆ ಎದ್ದು ನಿಲ್ಲುವಷ್ಟು ಜಾಗ. ಗೋಡೆಯೆಲ್ಲ ಹೆಪ್ಪುಗಟ್ಟಿದ ಮೊಸರಿನ ಹಾಗೆ ಬಿಳಿ. ಎಲ್ಲೋ ಒಂದು ಹನಿ ಬೀಳುತ್ತಿತ್ತು, ಆಮೇಲೆ ಬಹಳ ಹೊತ್ತು ಬೀಳುತ್ತಿರಲಿಲ್ಲ. ಮೊಬೈಲಿಗೆ ರೇಂಜ್ ಇರಲಿಲ್ಲ. ಮಳೆ ನಿಂತ ಮೇಲೂ ಮಧುಮತಿ ಏಳಲಿಲ್ಲ. ಯಾರೂ ಅವಳನ್ನು ಕರೆದಿರಲಿಲ್ಲ. ಇಪ್ಪತ್ನಾಲ್ಕು ವರ್ಷದ ಸಂಸಾರದಲ್ಲಿ ಎರಡು ತಾಸು ಯಾರೂ ತನ್ನನ್ನು ಕರೆಯದೆ ಇದ್ದದ್ದು ಅದೇ ಮೊದಲೆಂದು ಅವಳಿಗೆ ಆಮೇಲೆ ಹೊಳೆಯಿತು.

ಅಂದಿನಿಂದ ಗುರುವಾರ ಅವಳದಾಯಿತು. ವಾರದ ಉಳಿದ ಆರು ದಿನಗಳನ್ನು ಅವಳು ಆ ಎರಡು ತಾಸಿನ ಮೇಲೆ ನಿಲ್ಲಿಸಿಕೊಂಡಿದ್ದಳು.

ಇದನ್ನು ಹೇಳುವುದಾದರೂ ಹೇಗೆ? ಗುಡಿಗೆ ಹೋಗಿದ್ದೆ ಎಂದರೆ ಸಾಲಿನವರು ಒಪ್ಪುತ್ತಾರೆ. ದವಾಖಾನೆಗೆ ಎಂದರೆ ಮರುಗುತ್ತಾರೆ. ‘ಸುಮ್ಮನೆ ಕೂತು ಬರಲು ಹೋಗಿದ್ದೆ’ ಎಂದರೆ ಗಂಡನಿಗೆ ಸುದ್ದಿ ಹೋಗುತ್ತದೆ, ತವರಿಗೆ ಫೋನು ಹೋಗುತ್ತದೆ.

ಎರಡು ಗೋಡೆಗಳ ಮೇಲಿನ ಎರಡು ಗದ್ದಗಳು ಕಾಯುತ್ತಿದ್ದವು. ಮಧುಮತಿಯ ಬಾಯಿಗೆ ಮೊದಲು ಬಂದದ್ದು ಹೊರಗೆ ಬಿತ್ತು.

“ಗವಿಯೊಳಗ ಲಿಂಗ ಐತ್ರಿ. ಹರಕಿ ಹೊತ್ತೇನಿ.”

“ಯಾರ ಸಲುವಾಗಿ?” ಎಂದಳು ಶಬಾನಾ.

ಅಷ್ಟರಲ್ಲಿ ಒಳಗಿನಿಂದ ಅತ್ತೆ ನರಳಿದ್ದು ಕೇಳಿಸಿತು. “ಅತ್ಯಾರ ಮೊಣಕಾಲಿನ ಸಲುವಾಗಿ” ಎಂದಳು ಮಧುಮತಿ.

ಹಾಗೆಂದ ತಕ್ಷಣ ಅಡುಗೆಮನೆಯ ಕಿಟಕಿ ತೆರೆಯಿತು. ಮಾಲವ್ವ ಹನ್ನೊಂದು ವರ್ಷದಿಂದ ಮೊಣಕಾಲು ನೋವೆಂದು ಮಂಚ ಹಿಡಿದವಳು. ಹಿಟ್ಟು ನಾದುವಂತಿಲ್ಲ, ಕೊಡ ಎತ್ತುವಂತಿಲ್ಲ, ಬಾಗುವಂತಿಲ್ಲ. ಆದರೆ ತನ್ನ ಹೆಸರು ಬಂದರೆ ಕಿಟಕಿಯವರೆಗೆ ಬರುವಷ್ಟು ಶಕ್ತಿಯನ್ನು ಉಳಿಸಿಕೊಂಡಿದ್ದಳು.

“ನನ್ನ ಸಲುವಾಗಿ? ನೀನು?” ಮಾಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಐದು ತಿಂಗಳಿಂದ ಮೊಣಕಾಲಿಲೆ ತೆವಳಿ ಹೋಗಾಕತ್ತಿ, ಒಂದ ಮಾತು ಹೇಳಲಿಲ್ಲಲ್ಲ ನನ್ನ ಮಗಳ!”

ಇಪ್ಪತ್ನಾಲ್ಕು ವರ್ಷದಲ್ಲಿ ‘ನನ್ನ ಮಗಳ’ ಎಂದದ್ದು ಅದೇ ಮೊದಲು. ಮಧುಮತಿಗೆ ಕೈಯಲ್ಲಿದ್ದ ಬ್ರಷ್ಷನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಬಸಲಿಂಗಯ್ಯ ಗಂಟಲು ಸರಿಮಾಡಿಕೊಂಡರು. “ಹರಕಿ ಹಂಗ ತೀರೂದಿಲ್ಲ ತಂಗಿ. ಯಾರ ಸಲುವಾಗಿ ಬೇಡಕೊಂಡಿರಿ, ಅವರ ಕೈಲೆನ ಹಾಲು ಹಾಕಿಸಬೇಕು. ಇಲ್ಲಾಂದ್ರ ಬೇಡಕೊಂಡವರಿಗೆ ಆ ಬ್ಯಾನಿ ಬರ್ತೈತಿ. ಇವತ್ತ ದಿನಾ ಚಲೋ ಐತಿ. ಶಬಾನಾ, ಗಾಡಿ ಖಾಲಿ ಐತೇನವಾ?”

“ಗಾಡಿ ರೆಡಿ, ನಾನೂ ರೆಡಿ” ಎಂದಳು ಶಬಾನಾ. “ಅಮ್ಮಾರ ಮೊಣಕಾಲು ನೆಟ್ಟಗಾದ್ರ ಎಲ್ಲಾರಿಗೂ ಬೇಕಲ್ರಿ. ನಾ ಥರ್ಮಾಸ್‌ನಾಗ ಚಹಾ ತರ್ತೇನಿ.”

ಮಧುಮತಿ ಬಚ್ಚಲಿಗೆ ಹೋಗಿ ನಳ ಬಿಟ್ಟು, ಆ ಸದ್ದಿನ ಮರೆಯಲ್ಲಿ ಕಾತರಿನಾಳಿಗೆ ಫೋನು ಮಾಡಿದಳು.

“ಕಾತರಿನಾ, ನನ್ನ ಗವಿ ಬಿಟ್ಟು ಬ್ಯಾರೆ ಗವಿ ಬೇಕು. ಒಮ್ಮೆ ನೋಡಿದವರು ಮತ್ತ ಆ ಕಡೆ ಮಕ ಹಾಕಬಾರದು, ಅಂಥಾದ್ದು.”

ಕಾತರಿನಾ ಏಕೆಂದು ಕೇಳಲಿಲ್ಲ. ಅವಳಲ್ಲಿ ಮಧುಮತಿಗೆ ಇಷ್ಟವಾದದ್ದೇ ಅದು. “ಬಾವಲಿ ಗವಿ ಐತಲ್ಲಕ್ಕಾ. ನಮ್ಮ ನಾಯಿ ಸುದ್ದಾ ಒಳಗ ಹೋಗೂದಿಲ್ಲ. ಮೂಗಿಗೆ ಸೆರಗು ಕಟ್ಟಕೊಂಡ ಬರ್ರಿ.”

“ಲಿಂಗದಂಥಾದ್ದು ಏನರೆ ಐತೇನು?”

“ಕತ್ತಲಿ ಐತಿ. ಕತ್ತಲ್ಯಾಗ ಏನ ಬೇಕಾದರೂ ಐತಿ ಅನ್ನಬಹುದು.” ಕಾತರಿನಾ ನಕ್ಕಳು. “ಫಾರೆಸ್ಟ್ ವಾಚರ್ ಅಂಕುಶ ನಮ್ಮ ತಮ್ಮಾನ. ನಿಮ್ಮನ್ನ ತಡೀಬ್ಯಾಡ ಅಂತ ಅವನಿಗೆ ನಾ ಹೇಳಿರ್ತೇನಿ.”

ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಗಂಡ ಸೋಮಪ್ಪನನ್ನು ಎಬ್ಬಿಸಿ, ಅರೆನಿದ್ರೆಯಲ್ಲೇ ಅಂಗಿ ತೊಡಿಸಿ, ಓಮ್ನಿಯಲ್ಲಿ ತುಂಬಿದರು. “ಎಲ್ಲಿಗೆ?” ಎಂದು ಅವನು ಮಿಲ್ಲಿನ ಗೇಟಿನ ಹತ್ತಿರ ಕೇಳಿದ. “ನಿನ್ನ ಹೆಂಡತಿ ಪುಣ್ಯಕ್ಕ” ಎಂದರು ಬಸಲಿಂಗಯ್ಯ. ಅವನು ಮತ್ತೆ ನಿದ್ದೆ ಹೋದ. ಕುಳಗಿಯ ರಸ್ತೆಯ ಎರಡನೆಯ ತಿರುವಿನಲ್ಲಿ ಅಭಿಷೇಕದ ಹಾಲಿನ ಗಿಂಡಿ ಮಗುಚಿ ಅರ್ಧ ಹಾಲು ಅವನ ತೊಡೆಯ ಮೇಲೆ ಹೋಯಿತು. ಆಗ ಪೂರ್ತಿ ಎಚ್ಚರಾದ.

ಹಳ್ಳಿಯ ಮುಂದೆ ಗಾಡಿ ನಿಂತಿತು. ಕಾತರಿನಾ ಕತ್ತಿ ಹಿಡಿದು ಕಾಯುತ್ತಿದ್ದಳು. ಅಲ್ಲಿಂದ ಕಮರಿಗೆ ಇಳಿಯುವ ದಾರಿ ಆಡಿನದು. ಮಾಲವ್ವನನ್ನು ಕಾತರಿನಾಳ ಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ಮುಂದೆ ಸೋಮಪ್ಪ, ಹಿಂದೆ ಬಸಲಿಂಗಯ್ಯ. ಮಾಲವ್ವ ಆನೆಯ ಮೇಲಿನ ಮಾವುತನಂತೆ ಅಪ್ಪಣೆ ಕೊಡುತ್ತ ಇಳಿದಳು.

“ಎಡಕ್ಕ ಹೊರಳು ಸೋಮ್ಯಾ. ಆ ಕಲ್ಲು ಬ್ಯಾಡ. ಅಯ್ಯಾರ, ನಿಮ್ಮ ಕಡೆ ಇಳಿಜಾರಾಗೈತಿ, ಸ್ವಲ್ಪ ಎತ್ತರ್ರಿ.”

“ಎತ್ತೇನಿ ತಾಯಿ” ಎಂದು ಬಸಲಿಂಗಯ್ಯ ಏದುಸಿರು ಬಿಟ್ಟರು. “ಮಿಲ್ಲಿನಾಗ ಮೂವತ್ತೊಂದು ವರ್ಷ ಎತ್ತಿದ ಸುಣ್ಣದ ಚೀಲಕ್ಕ ಬಾಯಿ ಇರಲಿಲ್ಲ.”

ಶಬಾನಾ ಹಿಂದಿನಿಂದ ಮೊಬೈಲಿನಲ್ಲಿ ಎಲ್ಲವನ್ನೂ ಹಿಡಿಯುತ್ತಿದ್ದಳು.

ದಾರಿಯಲ್ಲಿ ಒಂದು ಅತ್ತಿಯ ಮರ ಬಂತು. ಅದರ ಬಲಕ್ಕೆ ನೂರು ಹೆಜ್ಜೆ ಹೋದರೆ ಮಧುಮತಿಯ ಗವಿ. ಅವಳು ಆ ಕಡೆ ನೋಡಲಿಲ್ಲ. ನೋಡದೆ ಇರುವುದು ಎಷ್ಟು ಕಷ್ಟದ ಕೆಲಸವೆಂದರೆ, ಆ ಹತ್ತು ಹೆಜ್ಜೆಯಲ್ಲಿ ಅವಳ ಕುತ್ತಿಗೆ ಕುರ್ಚಿ ಹೊತ್ತವರ ಭುಜಕ್ಕಿಂತ ಹೆಚ್ಚು ನೊಂದಿತು.

ಬಾವಲಿ ಗವಿಯನ್ನು ತಲುಪುವ ಮೊದಲೇ ಅದರ ವಾಸನೆ ಎದುರುಗೊಳ್ಳಲು ಬಂತು. ಮಧುಮತಿಯ ಮನಸ್ಸು ಹಗುರಾಯಿತು. ಶಬಾನಾ ಮೂಗಿನ ಮೇಲೆ ಓಢಣಿ ಒತ್ತಿಕೊಂಡು, “ಯಾ ಅಲ್ಲಾ, ವೈನೀ, ಇದರಾಗ ನೀವು ಐದು ತಿಂಗಳು ಹೋದ್ರೇನ್ರಿ? ನಾ ಆದ್ರ ಮೊಣಕಾಲು ಮುರಕೊಂಡ ಮನ್ಯಾಗ ಇರ್ತಿದ್ದೆ” ಎಂದಳು.

“ಹೋಗೂಣು ನಡೀರಿ ವಾಪಸ್” ಎಂದ ಸೋಮಪ್ಪ.

ಬಸಲಿಂಗಯ್ಯ ಮಾತ್ರ ಕಣ್ಣು ಮುಚ್ಚಿ ಉಸಿರೆಳೆದರು. “ಜನಾ ಬರಬಾರದು ಅಂತನ ಹಿಂಗ ಇಟ್ಟಾನ ಅವ. ಇಷ್ಟು ವಾಸನಿ ತಡಕೊಂಡ ಬಂದಾಳ ಈ ಹೆಣ್ಣಮಗಳು. ಅತ್ತಿ ಮ್ಯಾಲಿನ ಪ್ರೀತಿ ಅಂದ್ರ ಇದು.”

ಮಾಲವ್ವ ಮತ್ತೊಮ್ಮೆ ಕಣ್ಣೊರೆಸಿಕೊಂಡಳು. ಹಿಂತಿರುಗುವ ಮಾತು ಅಲ್ಲಿಗೆ ಮುಗಿಯಿತು.

ಬಾಯಿ ಕಿರಿದು, ಒಳಗೆ ಇಳಿಜಾರು. ಕಾಲು ಮುಂದೆ ಮಾಡಿ ಜಾರಬೇಕೆಂದು ಕಾತರಿನಾ ತೋರಿಸಿದಳು. ಮೊದಲು ಮಧುಮತಿ ಇಳಿದಳು. ಒಣಕಲು ಮೈಯ ಮಾಲವ್ವನನ್ನು ಮೇಲಿಂದ ಇಳಿಬಿಟ್ಟರು, ಮಧುಮತಿ ಕೆಳಗಿನಿಂದ ಹಿಡಿದುಕೊಂಡಳು. ಉಳಿದ ಹಾಲಿನ ಗಿಂಡಿ ಬಂತು. ಮೊಬೈಲಿನ ಬೆಳಕಿನಲ್ಲಿ ಯಾವುದಾದರೊಂದು ಗುಂಡುಕಲ್ಲನ್ನು ತೋರಿಸಿ ಹಾಲು ಹಾಕಿಸಿ ಹೊರಟುಬಿಡುವುದೆಂದು ಅವಳು ಲೆಕ್ಕ ಹಾಕಿದ್ದಳು.

ಆಗ ಮೇಲಿಂದ ಕೇಳಿಸಿತು: “ತಡೀರಿ, ನಾನೂ ಬರ್ತೇನಿ. ಲಿಂಗ ಹೌದೋ ಅಲ್ಲೋ ನೋಡಿ ಹೇಳಬೇಕಲ್ಲ!”

“ಅಯ್ಯಾರ, ನೀವು ಬ್ಯಾಡ್ರಿ...” ಎಂದು ಕಾತರಿನಾ ಹೇಳುವಷ್ಟರಲ್ಲಿ ಎರಡು ಕಾಲುಗಳು ಒಳಬಂದವು. ಆಮೇಲೆ ಲುಂಗಿ ಬಂತು. ಆಮೇಲೆ ಹೊಟ್ಟೆ ಬರಬೇಕಿತ್ತು, ಬರಲಿಲ್ಲ. ಬಾಟಲಿಗೆ ಬೂಚು ಹಾಕಿದ ಹಾಗೆ ಗವಿಯ ಬಾಯಿ ಮುಚ್ಚಿಹೋಯಿತು.

ಬೆಳಕು ಹೋಯಿತು. ಹೊರಗಿನ ಗದ್ದಲ ಎಲ್ಲೋ ದೂರದ ಸಂತೆಯಂತೆ ಕೇಳಿತು. ಅಯ್ಯಾರು ಕೂಗುತ್ತಿದ್ದರು, ಸೋಮಪ್ಪ ಎಳೆಯುತ್ತಿದ್ದ, ಶಬಾನಾ ದೀಪದ ಎಣ್ಣೆ ಸುರಿಯಿರಿ ಎನ್ನುತ್ತಿದ್ದಳು, ಕಾತರಿನಾ ಹಗ್ಗ ತರಲು ಹಳ್ಳಿಗೆ ಓಡಿದಳು. ಒಳಗೆ ಬಸಲಿಂಗಯ್ಯನವರ ಎರಡು ಕಾಲುಗಳು ಸ್ವಲ್ಪ ಹೊತ್ತು ಗಾಳಿಯಲ್ಲಿ ಸೈಕಲ್ಲು ತುಳಿದವು. ಆಮೇಲೆ ಸುಮ್ಮನೆ ಜೋತುಬಿದ್ದವು.

ಮಧುಮತಿ ಮೊಬೈಲಿನ ಬೆಳಕನ್ನು ಅತ್ತೆಯ ಕಡೆ ತಿರುಗಿಸಿದಳು. ಮಾಲವ್ವ ಕುಕ್ಕುರುಗಾಲಲ್ಲಿ ಕೂತಿದ್ದಳು, ಸಂತೆಯಲ್ಲಿ ಬದನೆಕಾಯಿ ಆರಿಸುವವಳ ಹಾಗೆ ಆರಾಮವಾಗಿ.

“ಅತ್ಯಾರ, ಮೊಣಕಾಲು...”

“ಯಾವ ಮೊಣಕಾಲು?” ಎಂದಳು ಮಾಲವ್ವ. ಮರುಕ್ಷಣ ನೆನಪಾಗಿ ಎಡ ಮೊಣಕಾಲು ಹಿಡಿದುಕೊಂಡಳು. ಆಮೇಲೆ ಬಲ ಮೊಣಕಾಲು. ಆಮೇಲೆ ಎರಡನ್ನೂ ಬಿಟ್ಟಳು. “ಹೋಗಲಿ ಬಿಡು. ಇಲ್ಲಿ ನೋಡಾಕ ಯಾರದಾರ? ಅಯ್ಯಾರ ಕಾಲಿಗೆ ಕಣ್ಣಿಲ್ಲ.”

ಮಧುಮತಿ ಬಾಯಿ ತೆರೆದಳು, ವಾಸನೆಗೆ ಮುಚ್ಚಿದಳು.

“ನೀ ಹೋಗೂ ಗವಿ ಇದಲ್ಲ ಹೌದಲ್ಲ?” ಎಂದಳು ಮಾಲವ್ವ. “ನಿನ್ನ ಸೀರಿಗೆ ಹತ್ತಿದ್ದು ಬಿಳೇದು. ಇಲ್ಲಿ ನೋಡು, ಎಲ್ಲಾ ಕರ್ರಗ.”

“ಅಲ್ಲ.”

“ಅಲ್ಲಿ ಲಿಂಗ ಐತೇನು?”

“ಇಲ್ಲ.”

“ಮತ್ತ ಏನೈತಿ?”

“ಏನೂ ಇಲ್ಲ ಅತ್ಯಾರ.”

ಮಾಲವ್ವ ಬಹಳ ಹೊತ್ತು ತಲೆಯಾಡಿಸಿದಳು. “ಏನೂ ಇಲ್ಲ ಅಂದ್ರ ಚಲೋ ಇರಬೇಕು” ಎಂದಳು.

ಮೇಲಿಂದ ಎಣ್ಣೆಯ ಒಂದು ಹನಿ ಅಯ್ಯಾರ ಪಾದದಿಂದ ಇಳಿದು ಕೆಳಗೆ ಬಿತ್ತು. ಮಾಲವ್ವ ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತ ಹೇಳತೊಡಗಿದಳು. “ಹದಿನಾಲ್ಕು ವರ್ಷದಾಕಿ ಇದ್ದಾಗ ಬಂದೆ ಈ ಮನಿಗೆ. ಹನ್ನೊಂದು ಮಂದೀಗೆ ರೊಟ್ಟಿ ಬಡೀತಿದ್ದೆ. ಒಮ್ಮೆ ಬಚ್ಚಲದಾಗ ಜಾರಿ ಬಿದ್ದೆ, ನೆನಪೈತಿಲ್ಲ? ಡಾಕ್ಟರ್ ಹತ್ತು ದಿನ ಏಳಬ್ಯಾಡ ಅಂದ. ಆ ಹತ್ತು ದಿನ ಮಲಕೊಂಡ ಮಾಳಿಗಿ ನೋಡಿದೆ. ಮುಂಜಾನೆ ಬಿಸಿಲು ಕಿಡಕ್ಯಾಗಿಂದ ಬಂದು ಗ್ವಾಡಿ ಮ್ಯಾಲೆ ಎಲ್ಲಿಂದ ಎಲ್ಲಿಗೆ ಹೋಗ್ತೈತಿ ಅಂತ ನನಗ ಗೊತ್ತ ಇರಲಿಲ್ಲ. ಹನ್ನೊಂದನೇ ದಿನ ನೋವು ಹೋತು. ಏಳಾಕ ಮನಸಾಗಲಿಲ್ಲ.”

“ಹನ್ನೊಂದು ವರ್ಷಾನ?” ಮಧುಮತಿಗೆ ತನ್ನ ದನಿಯೇ ಗುರುತು ಸಿಗಲಿಲ್ಲ. “ಆ ಹನ್ನೊಂದು ವರ್ಷದ ರೊಟ್ಟಿ ನಾ ಬಡಿದೇನಿ ಅತ್ಯಾರ. ನಿಮ್ಮ ಮೊಣಕಾಲಿಗೆ ದಿನಾ ಎಣ್ಣಿ ತಿಕ್ಕೇನಿ. ಕಾಯಿಸಿ ತಿಕ್ಕೇನಿ.”

“ತಿಕ್ಕಿದಿ. ಚಲೋ ತಿಕ್ಕತಿದ್ದಿ.” ಮಾಲವ್ವ ಅತ್ತ ತಿರುಗಿದಳು. “ನೀ ಬಡೀಲಿಕ್ಕ ಬರೂಕಿಂತ ಮೊದಲಿನ ಅಷ್ಟೂ ವರ್ಷ ನಾ ಒಬ್ಬಾಕೀನ ಬಡಿದೇನಿ. ಯಾರೂ ಬಂದು ಒಂದ ತಾಸು ಕೂಡವಾ ಅನ್ನಲಿಲ್ಲ. ನಿನಗ ಗುರುವಾರ ಸಿಕ್ತು. ನನಗ ಮೊಣಕಾಲು ಸಿಕ್ತು. ಸಿಕ್ಕಿದ್ದು ಹಿಡಕೊಂಡೆ.”

ಮಧುಮತಿಗೆ ಎಷ್ಟು ಸಿಟ್ಟು ಬಂತೆಂದರೆ ಎದ್ದು ಹೋಗಬೇಕೆನಿಸಿತು. ಹೋಗಲು ದಾರಿ ಇರಲಿಲ್ಲ. ದಾರಿಯಲ್ಲಿ ಬಸಲಿಂಗಯ್ಯ ಇದ್ದರು. ಹೀಗಾಗಿ ಕೂತೇ ಸಿಟ್ಟಾಗಬೇಕಾಯಿತು. ಕೂತಲ್ಲೇ ಸಿಟ್ಟು ಸ್ವಲ್ಪ ಸ್ವಲ್ಪವಾಗಿ ತನ್ನ ಮೊನೆಯನ್ನು ಕಳೆದುಕೊಂಡಿತು. ಪೂರ್ತಿ ಹೋಗಲಿಲ್ಲ. ಹತ್ತಿರ ಕೂತ ಮುದುಕಿ ಮತ್ತೊಂದು ಮಾತೂ ಆಡದೆ, ಕೆಮ್ಮದೆ, ನೀರು ಕೇಳದೆ ಕತ್ತಲೆಯನ್ನೇ ನೋಡುತ್ತಿದ್ದಳು. ಇಷ್ಟು ಹೊತ್ತು ಸುಮ್ಮನಿರಲು ಇವಳಿಗೆ ಬರುತ್ತದೆಂದು ಮಧುಮತಿಗೆ ಗೊತ್ತೇ ಇರಲಿಲ್ಲ. ಬ್ಯಾಟರಿ ಉಳಿಸಲೆಂದು ಅವಳು ಬೆಳಕನ್ನು ಆರಿಸಿದಳು.

ಅರ್ಧ ತಾಸಾಗಿರಬೇಕು.

“ಹಿಂಗ ಮಾಡೂಣು” ಎಂದಳು ಮಾಲವ್ವ ಕತ್ತಲೆಯಲ್ಲಿ. “ನನ್ನ ಮೊಣಕಾಲಿನ ಸುದ್ದಿ ನೀ ಹೇಳಬ್ಯಾಡ. ನಿನ್ನ ಗುರುವಾರದ ಸುದ್ದಿ ನಾ ಹೇಳೂದಿಲ್ಲ. ಈ ವಾಸನಿ ನೋಡಿದ ಮ್ಯಾಲೆ ಯಾರೂ ಈ ಕಡೆ ಬರೂದಿಲ್ಲ. ಹರಕಿ ಮುಂದುವರೀಲಿ, ಮೊಣಕಾಲೂ ಮುಂದುವರೀಲಿ.”

ಮಧುಮತಿ ಯೋಚಿಸಿದಳು. ನ್ಯಾಯವೆಂದು ಅನ್ನಿಸಲಿಲ್ಲ. ಆದರೆ ಗುರುವಾರ ಉಳಿಯುತ್ತಿತ್ತು.

“ಆತ್ರಿ” ಎಂದಳು.

“ಹಂಗಾರ ಬಾ, ಈ ಅಯ್ಯನ್ನ ಹೊರಗ ದಬ್ಬೂಣು. ಅವರು ಎಳದ್ರ ಸಂಜಿ ಆಗ್ತೈತಿ.”

ಮಾಲವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಸಲಿಂಗಯ್ಯನವರ ಎರಡು ಅಂಗಾಲಿಗೆ ಎರಡು ಅಂಗೈ ಕೊಟ್ಟಳು. ಮಧುಮತಿ ಅತ್ತೆಯ ಬೆನ್ನಿಗೆ ಭುಜ ಕೊಟ್ಟಳು. ಹನ್ನೊಂದು ವರ್ಷ ಬಳಸದೆ ಉಳಿಸಿದ್ದ ಬಲವೆಲ್ಲ ಒಮ್ಮೆಗೇ ಹೊರಬಿತ್ತು. ಮೇಲೆ ಹಗ್ಗ ಎಳೆದದ್ದೂ ಅದೇ ಗಳಿಗೆಯಲ್ಲಿ. ಬಸಲಿಂಗಯ್ಯ ಹಾರಿದ ಸದ್ದಿಗೆ, ಫಕ್ಕನೆ ನುಗ್ಗಿದ ಬೆಳಕಿಗೆ, ಗವಿಯ ಚಾವಣಿಯ ತುಂಬ ತಲೆಕೆಳಗಾಗಿ ಮಲಗಿದ್ದ ನೂರಾರು ಬಾವಲಿಗಳು ಒಟ್ಟಿಗೇ ಎದ್ದವು.

ಮುಂದಿನದನ್ನು ಶಬಾನಾಳ ಮೊಬೈಲು ಪೂರ್ತಿ ಹಿಡಿದಿದೆ.

ಮೊದಲು ಎಣ್ಣೆಯಲ್ಲಿ ಮಿಂದ ಬಸಲಿಂಗಯ್ಯ ಸೋಮಪ್ಪನ ಮೇಲೆ ಬೀಳುತ್ತಾರೆ. ಆಮೇಲೆ ಕಪ್ಪು ಹೊಗೆಯ ಹಾಗೆ ಬಾವಲಿಗಳು. ಹೊಗೆಯ ನಡುವಿನಿಂದ ಮಾಲವ್ವ. ಎರಡು ಕೈಯಲ್ಲಿ ಸೀರೆಯನ್ನು ಮೊಣಕಾಲಿಗಿಂತ ಮೇಲೆತ್ತಿ, “ಯಪ್ಪಾ ಯಪ್ಪಾ” ಎನ್ನುತ್ತ, ಬಿದ್ದ ಅಯ್ಯಾರನ್ನು ದಾಟಿ, ಕುರ್ಚಿಯನ್ನು ಒದ್ದು, ಆಡಿನ ದಾರಿಯನ್ನು ಆಡಿಗಿಂತ ಬೇಗ ಏರುತ್ತಾಳೆ. ಕಾತರಿನಾ ಬೆನ್ನು ಹತ್ತಿದರೂ ಸಿಗುವುದಿಲ್ಲ. ವೀಡಿಯೊದ ಕೊನೆಯಲ್ಲಿ ಮೇಲೆ ಓಮ್ನಿಯ ಬಾಗಿಲು ಧಡ್ ಎಂದು ಮುಚ್ಚಿದ ಸದ್ದು.

ಶಬಾನಾ ಮೊಬೈಲು ಇಳಿಸಿದಳು.

“ಅವ್ವ ಓಡಿದಳು” ಎಂದ ಸೋಮಪ್ಪ, ನೆಲದ ಮೇಲಿಂದಲೇ.

“ಓಡಿದ್ರು” ಎಂದಳು ಶಬಾನಾ. “ಸಚ್ಚಿ ಓಡಿದ್ರು. ರೆಕಾರ್ಡ್ ಆಗೈತಿ.”

ಬಸಲಿಂಗಯ್ಯ ಎದ್ದು ಕೂತರು. ವಿಭೂತಿ ಎಣ್ಣೆಯಲ್ಲಿ ಕರಗಿ ಮೂಗಿನವರೆಗೆ ಇಳಿದಿತ್ತು. ಅವರ ಕಣ್ಣಿನಲ್ಲಿ ನೀರಿತ್ತು. “ಒಳಗಿಂದ ನನ್ನ ಪಾದಕ್ಕ ಎರಡು ಕೈ ಹತ್ತಿದವು” ಎಂದರು ಮೆಲ್ಲಗೆ. “ದಬ್ಬಿದವು. ಅದು ಮನಷ್ಯಾರ ಬಲ ಅಲ್ಲ ಸೋಮಪ್ಪ. ಮುದಕಿದಂತೂ ಅಲ್ಲವೇ ಅಲ್ಲ. ಆ ದೇವರು ಮುದಕಿಗೆ ಮೊಣಕಾಲು ಕೊಟ್ಟ, ನನ್ನ ಹೊರಗ ಹಾಕಿದ. ಜಾಗೃತ ಜಾಗಾ ಇದು!”

ಗವಿಯ ಬಾಯಿಂದ ತಲೆ ಹೊರಗೆ ಹಾಕಿದ್ದ ಮಧುಮತಿ ಇದನ್ನೆಲ್ಲ ಕೇಳಿದಳು. ಮತ್ತೆ ಒಳಗೆ ಜಾರಿಬಿಡೋಣವೆನಿಸಿತು.

ಓಮ್ನಿ ದಾಂಡೇಲಿ ತಲುಪುವಷ್ಟರಲ್ಲಿ ವೀಡಿಯೊ ಕ್ವಾರ್ಟರ್ಸಿನ ಎಲ್ಲ ಮೊಬೈಲುಗಳನ್ನೂ ತಲುಪಿತ್ತು. ಸಾಲಿನ ಬಾಯಲ್ಲಿ ಹೆಂಗಸರು ಆರತಿ ಹಿಡಿದು ನಿಂತಿದ್ದರು. ಮಾಲವ್ವ ಇಳಿಯುವಾಗ ಕುಂಟಲು ನೋಡಿದಳು. “ಅಮ್ಮಾರ, ಇನ್ನ ರೂಢಿ ಹೋಗಿಲ್ಲ ನೋಡ್ರಿ ನಿಮಗ” ಎಂದು ನಾಲ್ಕು ಜನ ನಕ್ಕರು. ಸೋಮಪ್ಪ ಹೆಮ್ಮೆಯಿಂದ ತಾಯಿಯ ಬೆನ್ನು ತಟ್ಟಿ, “ಅವ್ವಾ, ಇವತ್ತ ನಿನ್ನ ಕೈಯ ರೊಟ್ಟಿ ತಿನ್ನಬೇಕು. ಹನ್ನೊಂದು ವರ್ಷ ಆತು” ಎಂದ. ಎರಡನೆಯ ಮನೆಯಾಕೆ ಹಪ್ಪಳ ಲಟ್ಟಿಸಲು ಒಬ್ಬರು ಬೇಕೆಂದಳು. ಕೊನೆಯ ಮನೆಯಾಕೆ ಬಾಣಂತಿಯ ಕೂಸಿಗೆ ಎರೆಯಲು ಅನುಭವಸ್ಥರು ಸಿಗುತ್ತಿಲ್ಲವೆಂದಳು.

ಬಸಲಿಂಗಯ್ಯ ಸ್ನಾನ ಮಾಡಿ, ಹೊಸ ವಿಭೂತಿ ಹಚ್ಚಿ, ಕಟ್ಟೆಯ ಮೇಲೆ ನಿಂತು ಸಾರಿದರು. ಮುಂದಿನ ಗುರುವಾರದಿಂದ ವಾರವಾರವೂ ಗವಿಯ ಯಾತ್ರೆ. ಬೆನ್ನುನೋವಿನವರು ಮುಂದೆ, ಮೊಣಕಾಲಿನವರು ಹಿಂದೆ. ಮಕ್ಕಳನ್ನು ಶಾಲೆಗೆ ಬಿಟ್ಟ ಮೇಲೆ ಶಬಾನಾಳ ಗಾಡಿ ಎರಡು ಖೇಪು ಹೊಡೆಯುತ್ತದೆ. “ಹರಕಿ ಯಾರ ಕೈಯಿಂದ ಫಲಾ ಕೊಟ್ಟೈತಿ, ಅವರ ಮುಂದಾಗಿ ಕರಕೊಂಡ ಹೋಗಬೇಕು. ಮಧುಮತವ್ವ ಒಂದ ಗುರುವಾರ ತಪ್ಪಿಸುವಂಗಿಲ್ಲ. ತಪ್ಪಿಸಿದ್ರ ಮಾಲವ್ವನ ಮೊಣಕಾಲು ತಿರುಗಿ ಹಿಡೀತೈತಿ.”

“ಹಿಡೀಲಿ ಬಿಡ್ರಿ” ಎಂದಳು ಮಾಲವ್ವ ಆಸೆಯಿಂದ.

“ಛೇ ಛೇ, ಅತ್ತಿ ಸಲುವಾಗಿ ಅಷ್ಟು ಮಾಡಿದಾಕಿ, ತಪ್ಪಿಸ್ತಾಳೇನು?” ಎಂದು ಎಲ್ಲರೂ ಮಧುಮತಿಯನ್ನು ನೋಡಿದರು. ಇಪ್ಪತ್ತಾರು ಹೆಸರುಗಳ ಪಟ್ಟಿಯನ್ನು ಅವಳ ಕೈಗೆ ಕೊಟ್ಟರು.

ಮಿಲ್ಲಿನಲ್ಲಿ ಸಂಜೆಯ ಪಾಳಿಯ ಭೋಂಗಾ ಕೂಗಿದಾಗ ಅತ್ತೆ ಸೊಸೆ ಇಬ್ಬರೂ ಒಲೆಯ ಮುಂದಿದ್ದರು. ಮಾಲವ್ವ ರೊಟ್ಟಿ ಬಡಿಯುತ್ತಿದ್ದಳು, ಮಧುಮತಿ ಬೇಯಿಸುತ್ತಿದ್ದಳು. ಹೊರಗೆ ಸೋಮಪ್ಪ ಯಾರಿಗೋ ಏಳನೆಯ ಸಲ ವೀಡಿಯೊ ತೋರಿಸುತ್ತಿದ್ದ. “ಯಪ್ಪಾ ಯಪ್ಪಾ” ಎಂಬ ಮಾಲವ್ವನ ಕೂಗು ಒಳಗಿನವರೆಗೂ ಬರುತ್ತಿತ್ತು. ಅದು ಬಂದಾಗಲೆಲ್ಲ ಮಾಲವ್ವ ರೊಟ್ಟಿಯನ್ನು ಇನ್ನಷ್ಟು ಜೋರಾಗಿ ಬಡಿದಳು. ಐದನೆಯ ರೊಟ್ಟಿಗೆ ಅವಳ ಕೈ ಸೋತಿತು. ಮಣಿಕಟ್ಟನ್ನು ಹಿಡಿದುಕೊಂಡಳು, ಸೊಸೆ ನೋಡುತ್ತಿದ್ದಾಳೆಂದು ತಿಳಿದು ಬಿಟ್ಟಳು. ನಿಜಕ್ಕೂ ನೋಯುತ್ತಿರಬೇಕು. ಇನ್ನು ಅದನ್ನು ಯಾರೂ ನಂಬುವುದಿಲ್ಲ.

ಮಧುಮತಿ ಹಿಟ್ಟಿನ ಪರಾತವನ್ನು ತನ್ನ ಕಡೆ ಎಳೆದುಕೊಂಡಳು. ಮಾಲವ್ವ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿದಳು.

ಗುರುವಾರವಂತೂ ಕೈತಪ್ಪಿ ಹೋಯಿತು. ಮಂಗಳವಾರ ಸಂತೆ. ಬುಧವಾರ ನೀರು ಬಿಡುವ ದಿನ. ಸೋಮವಾರ ಸೋಮಪ್ಪನಿಗೆ ಹಗಲು ಪಾಳಿ, ಶಬಾನಾಳ ಗಾಡಿಗೆ ಶಾಲೆ, ಬಸಲಿಂಗಯ್ಯನವರಿಗೆ ಇಡೀ ದಿನದ ಪೂಜೆ. ಸೋಮವಾರ ಹನ್ನೊಂದರ ಬಸ್ಸಿಗೆ ಏನು ನೆಪ ಹೇಳಬೇಕೆಂಬುದು ಇನ್ನೂ ಹೊಳೆದಿರಲಿಲ್ಲ, ಹೊಳೆಯುತ್ತದೆ. ಆ ಅತ್ತಿಯ ಮರದ ಬಲಕ್ಕೆ, ಮೊದಲ ಸೋಮವಾರ ತಾನೊಬ್ಬಳೇ ಹೋಗುವುದು. ಎರಡನೆಯ ಸೋಮವಾರವೂ ಒಬ್ಬಳೇ. ಹನ್ನೊಂದು ವರ್ಷದ ರೊಟ್ಟಿಗೆ ಅಷ್ಟಾದರೂ ಬೇಕು. ಮೂರನೆಯದಕ್ಕೆ ಅತ್ತೆಯನ್ನು ಕರೆದುಕೊಂಡು ಹೋಗುವುದು. ಮಾತಾಡದೆ ಕೂರುವುದಾದರೆ.

“ಏನ ವಿಚಾರ ಮಾಡಾಕತ್ತಿ?” ಎಂದಳು ಮಾಲವ್ವ ಗೋಡೆಯ ಕಡೆಯಿಂದ.

“ಏನಿಲ್ರಿ” ಎಂದು ಮಧುಮತಿ ಹಂಚಿನ ಮೇಲಿನ ರೊಟ್ಟಿಯನ್ನು ಹೊರಳಿಸಿದಳು.